37 ಡಿಗ್ರಿಯಲ್ಲಿ ಕೆಲಸ ನಿಲ್ಲಿಸಿದ ಯೀಸ್ಟ್‌ಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಸೆಕ್1,

ನಿನ್ನ ಬಳಗವನ್ನು ನಮ್ಮ ಊರುಗಳು ಚೆನ್ನಾಗಿ ಬಲ್ಲವು. ಅಯ್ಯಂಗಾರ್ ಬೇಕರಿಯ ಬನ್ನು ಉಬ್ಬುವುದು ಅವರಿಂದ. ಮರದಿಂದ ಇಳಿಸಿದ ಹೆಂಡ ನೊರೆಗಟ್ಟುವುದರಲ್ಲೂ ಅವರ ಪಾಲಿದೆ. ತಮ್ಮ ಪಾಡಿಗೆ ಕೆಲಸ ಮಾಡಿಕೊಂಡು ಹೋಗುವ ಆ ಯೀಸ್ಟ್‌ಗಳಿಗೆ ಮನುಷ್ಯರು ಸಾವಿರಾರು ವರ್ಷಗಳಿಂದ ಋಣಿಗಳು. ನಾನು ಈಗ ಬರೆಯುತ್ತಿರುವುದು ಕೆಲಸ ನಿಲ್ಲಿಸಿದ ನಿನಗೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀನೂ ಉಳಿದವರಂತೆ ಮೊಗ್ಗು ಬಿಟ್ಟು, ಮರಿಯಾಗಿ, ಬೆಳೆಯುತ್ತೀಯೆ. 37 ಡಿಗ್ರಿಗೆ ಒಯ್ದರೆ ಅಲ್ಲಿಗೇ ನಿಂತುಬಿಡುತ್ತೀಯೆ. ನಿನ್ನ ಬಂಧುಗಳಿಗೆ ಆ ಶಾಖ ಒಂದು ಲೆಕ್ಕವೇ ಅಲ್ಲ. ನಿನ್ನ ಒಂದೇ ಒಂದು ಜೀನ್‌ನಲ್ಲಿ ಆದ ಬದಲಾವಣೆಯಿಂದ ಒಂದು ಪ್ರೋಟೀನ್ ಆ ಶಾಖವನ್ನು ತಡೆಯಲಾರದು, ಅಷ್ಟೇ. ಆದರೆ ಆ ಒಂದು ಪ್ರೋಟೀನ್ ಸೋತದ್ದರಿಂದ ಜೀವಕೋಶದ ಒಳಗೆ ಸರಕು ಹೇಗೆ ಸಾಗುತ್ತದೆ ಎಂಬುದು ಮನುಷ್ಯರಿಗೆ ತಿಳಿಯಿತು. ಆ ಉಪಕಾರವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು ಅನ್ನಿಸಿತು. ಕನ್ನಡದಲ್ಲಿ ಹೇಳಬೇಕು ಅನ್ನಿಸಿತು.

ನಿನ್ನ ಮೈ ಅಳತೆ ಸುಮಾರು ಐದು ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಅಷ್ಟರಲ್ಲೇ ಎಷ್ಟು ಕೋಣೆಗಳು! ಕೋಶಕೇಂದ್ರ, ಮೈಟೊಕಾಂಡ್ರಿಯಾ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲ, ಗಾಲ್ಜಿ, ರಸದಾನಿ. ಒಂದೊಂದಕ್ಕೂ ಅದರದೇ ಪೊರೆ, ಅದರದೇ ಪ್ರೋಟೀನ್‌ಗಳು. ನಿನ್ನ ಜೀನ್‌ಗಳು ಸುಮಾರು ಆರು ಸಾವಿರ. ಅವು ಬರೆಸುವ ಪ್ರೋಟೀನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಯಾರಾಗುವುದು ಕೋಶದ್ರವದಲ್ಲಿರುವ ರೈಬೋಸೋಮ್‌ಗಳ ಮೇಲೆ. ಮೈಟೊಕಾಂಡ್ರಿಯಾದಲ್ಲಿ ಕೆಲಸ ಮಾಡುವ ಸಾವಿರದಷ್ಟು ಪ್ರೋಟೀನ್‌ಗಳ ಪೈಕಿ ಅಲ್ಲೇ ತಯಾರಾಗುವುದು ಬರೀ ಎಂಟು. ಉಳಿದದ್ದೆಲ್ಲ ಹೊರಗೆ ಹುಟ್ಟಿ, ಪೊರೆ ದಾಟಿ, ತನ್ನ ಜಾಗ ಹುಡುಕಿಕೊಂಡು ಹೋಗಬೇಕು. ಯಾವ ಪ್ರೋಟೀನ್ ಎಲ್ಲಿಗೆ ಎಂದು ಗೊತ್ತುಮಾಡುವವರು ಯಾರು, ಅಲ್ಲಿಗೆ ಒಯ್ಯುವವರು ಯಾರು? ನೀನು ಬರುವ ಮುನ್ನ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಇತ್ತು.

ಆ ಅರ್ಧವೂ ಸಣ್ಣದೇನಲ್ಲ. ರುಮೇನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜಾರ್ಜ್ ಪೆಲೇಡ್, ಗಿನಿಯಿಲಿಯ ಮೇದೋಜೀರಕ ಗ್ರಂಥಿಯಲ್ಲಿ ವಿಕಿರಣದ ಗುರುತು ಹಾಕಿದ ಪ್ರೋಟೀನ್‌ಗಳ ಬೆನ್ನು ಹತ್ತಿದರು. ಮೊದಲು ಒಳಜಾಲ, ಆಮೇಲೆ ಗಾಲ್ಜಿ, ಆಮೇಲೆ ಕಿರುಚೀಲ, ಕೊನೆಗೆ ಕೋಶದ ಹೊರಗೆ. ಈ ದಾರಿಯನ್ನು ಕಂಡವರು ಅವರು. 1974ರ ನೊಬೆಲ್ ಅವರಿಗೆ ಬಂತು. ಪ್ರೋಟೀನ್‌ನ ತುದಿಯಲ್ಲೇ ಅದು ಹೋಗಬೇಕಾದ ಜಾಗದ ಸೂಚನೆ ಬರೆದಿರುತ್ತದೆ ಎಂದು ತೋರಿಸಿದವರು ಗುಂಟರ್ ಬ್ಲೋಬೆಲ್. ಅವರಿಗೆ 1999ರಲ್ಲಿ. ಆದರೆ ದಾರಿ ಕಂಡರೆ ಸಾಕೇ? ಆ ದಾರಿಯಲ್ಲಿ ದುಡಿಯುವ ಪ್ರೋಟೀನ್‌ಗಳು ಯಾವುವು, ಯಾವುದು ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೇದೋಜೀರಕದ ಚಿತ್ರಗಳು ಹೇಳಲಾರವು. ಅದನ್ನು ಹೇಳಲು ಕೆಟ್ಟುಹೋದ ಕೋಶವೇ ಬೇಕಿತ್ತು.

1976ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ ರ್‍ಯಾಂಡಿ ಶೆಕ್ಮನ್ ಆಗ ಇನ್ನೂ ತರುಣ. ಅವರು ಪಳಗಿದ್ದು ಆರ್ಥರ್ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ, ಬ್ಯಾಕ್ಟೀರಿಯಾದ ಡಿಎನ್‌ಎ ಮೇಲೆ. ಯೀಸ್ಟ್‌ನ ಅನುಭವ ಇರಲಿಲ್ಲ. ಅನುದಾನಕ್ಕೆಂದು ಅಮೆರಿಕದ ಆರೋಗ್ಯ ಸಂಸ್ಥೆಗೆ ಹಾಕಿದ ಮೊದಲ ಅರ್ಜಿ ತಿರಸ್ಕೃತವಾಯಿತು. ಹಾಗೆಂದು ಅವರು ಯೀಸ್ಟ್ ಬಿಡಲಿಲ್ಲ. ಅವರ ಬಳಿ ಪಿಎಚ್‌.ಡಿ.ಗೆ ಸೇರಿದ ಪೀಟರ್ ನೋವಿಕ್ ನಿನ್ನನ್ನು ಹುಡುಕಿ ತೆಗೆದರು.

ಅವರು ನಿನ್ನನ್ನು ಗುರುತಿಸಿದ ಬಗೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ಯಾವ ಡಿಗ್ರಿ ಕಾಲೇಜಿನ ಹುಡುಗಿಗೂ ನಿಲುಕದ ಸಂಗತಿ ಒಂದೂ ಇಲ್ಲ. ಯೀಸ್ಟ್ ಸಕ್ಕರೆಯನ್ನು ಒಡೆಯುವುದು ಇನ್ವರ್ಟೇಸ್ ಎಂಬ ಕಿಣ್ವದಿಂದ. ಅದು ಕೆಲಸ ಮಾಡುವ ಜಾಗ ಪೊರೆಯ ಹೊರಗೆ, ಕೋಶಭಿತ್ತಿಯ ಬಳಿ. ಇಡೀ ಕೋಶಗಳಿಗೆ ಸಕ್ಕರೆ ನೀರು ಕೊಟ್ಟು ಎಷ್ಟು ಗ್ಲೂಕೋಸ್ ಹುಟ್ಟಿತು ಎಂದು ಅಳೆದರೆ ಹೊರಗೆ ಬಂದಿರುವ ಇನ್ವರ್ಟೇಸ್ ಎಷ್ಟು ಎಂದು ಗೊತ್ತಾಗುತ್ತದೆ. ಅದೇ ಕೋಶಗಳನ್ನು ಒಡೆದು ಮತ್ತೆ ಅಳೆದರೆ ಒಳಗೆ ಉಳಿದದ್ದೂ ಸಿಗುತ್ತದೆ. ಆರೋಗ್ಯವಂತ ಯೀಸ್ಟ್‌ನಲ್ಲಿ ಒಳಗಿನ ದಾಸ್ತಾನು ಅತ್ಯಲ್ಪ. ತಯಾರಾದದ್ದು ಕೆಲವೇ ನಿಮಿಷಗಳಲ್ಲಿ ಹೊರಗೆ. ನಿನ್ನನ್ನು 37 ಡಿಗ್ರಿಗೆ ಒಯ್ದಾಗ ಒಳಗಿನ ದಾಸ್ತಾನು ಎಂಟು ಪಟ್ಟಿನವರೆಗೂ ಏರಿತು. ನೀನು ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸಿರಲಿಲ್ಲ, ಗಂಟೆಗಟ್ಟಲೆ ತಯಾರಿಸುತ್ತಲೇ ಇದ್ದೆ. ಅದನ್ನು ಹೊರಗೆ ಕಳಿಸಲು ಮಾತ್ರ ನಿನ್ನಿಂದ ಆಗಲಿಲ್ಲ.

ಆಮೇಲೆ ನಿನ್ನನ್ನು ತೆಳುವಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಸಾಮಾನ್ಯ ಯೀಸ್ಟ್‌ನ ಸೀಳಿನಲ್ಲಿ ಕಿರುಚೀಲಗಳು ಕಣ್ಣಿಗೆ ಬೀಳುವುದೇ ಅಪರೂಪ, ಅಷ್ಟು ಬೇಗ ಅವು ಪೊರೆಗೆ ಸೇರಿಹೋಗುತ್ತವೆ. ನಿನ್ನ ಒಳಗೆ ಅವು ಕಿಕ್ಕಿರಿದು ತುಂಬಿದ್ದವು. ಮೊಗ್ಗಿನಲ್ಲಿ, ತಾಯಿಕೋಶದಲ್ಲಿ, ಎಲ್ಲೆಲ್ಲೂ ದುಂಡು ದುಂಡು ಚೀಲಗಳು. ಆಸಿಡ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವಕ್ಕೆ ಬಣ್ಣ ಹಿಡಿಸಿ ನೋಡಿದರೆ ಬಣ್ಣ ನಿಂತದ್ದು ಆ ಚೀಲಗಳ ಒಳಗೇ. ಹೊರಗೆ ಹೋಗಬೇಕಾದ ಸರಕು ಚೀಲದಲ್ಲಿ ತುಂಬಿದೆ, ಚೀಲ ಪೊರೆಯ ಹತ್ತಿರಕ್ಕೆ ಬಂದಿದೆ, ಪೊರೆಗೆ ಬೆಸೆದುಕೊಳ್ಳಲು ಆಗುತ್ತಿಲ್ಲ. 1979ರಲ್ಲಿ ನೋವಿಕ್ ಮತ್ತು ಶೆಕ್ಮನ್ ಇದನ್ನು ಪ್ರಕಟಿಸಿದರು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದರೂ ಬೆರಗು ಕಮ್ಮಿಯಾಗುವುದಿಲ್ಲ. ಕಾಣದೆ ಸರಿದುಹೋಗುತ್ತಿದ್ದ ಒಂದು ಘಟ್ಟ, ನೀನು ನಿಂತದ್ದರಿಂದ ಕಣ್ಣಿಗೆ ಬಿತ್ತು.

ಇನ್ನೊಂದು ಗುಣವೂ ನಿನ್ನಿಂದ ತಿಳಿಯಿತು. ಚೀಲಗಳು ಪೊರೆಗೆ ಸೇರುವಾಗ ಸರಕನ್ನಷ್ಟೇ ಇಳಿಸುವುದಿಲ್ಲ, ತಮ್ಮ ಪೊರೆಯನ್ನೂ ಕೋಶದ ಮೈಗೆ ಸೇರಿಸುತ್ತವೆ. ಕೋಶದ ಮೈ ಹಿಗ್ಗುವುದೇ ಹೀಗೆ. ನಿನ್ನ ಮೈ ಹಿಗ್ಗಲಿಲ್ಲ, ಒಳಗೆ ಪ್ರೋಟೀನ್ ಮಾತ್ರ ತುಂಬುತ್ತಲೇ ಹೋಯಿತು. ಹಾಗಾಗಿ ನೀನು ಉಳಿದವರಿಗಿಂತ ಸಾಂದ್ರವಾದೆ. ಹಸಿವಿಗೆ ಬಿಟ್ಟ ಯೀಸ್ಟ್‌ಗಳು ಹೀಗೆ ಸಾಂದ್ರವಾಗುವುದನ್ನು ಸೂಸನ್ ಹೆನ್ರಿ ಎಂಬ ವಿಜ್ಞಾನಿ ಮೊದಲೇ ಕಂಡಿದ್ದರು. ಅವರು ಇನೊಸಿಟಾಲ್ ಎಂಬ ಪೋಷಕಾಂಶ ಇಲ್ಲದೆ ಯೀಸ್ಟ್ ಬೆಳೆಸಿದ್ದರು. ಆ ಸುಳಿವು ಹಿಡಿದು ಬರ್ಕ್ಲಿಯವರು ಸಿಲಿಕಾ ಕಣಗಳ ದ್ರಾವಣದಲ್ಲಿ ಯೀಸ್ಟ್‌ಗಳನ್ನು ಸುತ್ತಿಸಿ, ತಳಕ್ಕೆ ಇಳಿದವರನ್ನು ಮಾತ್ರ ಎತ್ತಿಕೊಂಡರು. ಒಂದೊಂದೇ ಯೀಸ್ಟನ್ನು ಪರೀಕ್ಷಿಸುತ್ತ ಕೂತಿದ್ದರೆ ವರ್ಷಗಳೇ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯಿತು. 1980ರ ಹೊತ್ತಿಗೆ ನಿನ್ನಂಥವರ ದೊಡ್ಡ ಗುಂಪೇ ಸೇರಿತ್ತು. ಅವರಲ್ಲಿ ಕೆಟ್ಟಿದ್ದು ಒಟ್ಟು 23 ಬೇರೆ ಬೇರೆ ಜೀನ್‌ಗಳು.

ಇಪ್ಪತ್ತಮೂರೂ ನಿನ್ನಂತೆ ಕೊನೆಯ ಹೆಜ್ಜೆಯಲ್ಲಿ ನಿಲ್ಲಲಿಲ್ಲ. ಕೆಲವರಲ್ಲಿ ಸರಕು ಒಳಜಾಲದಲ್ಲೇ ತುಂಬಿ ಆ ಜಾಲ ಊದಿಕೊಂಡಿತು. ಸೆಕ್18 ಅಂಥದ್ದು. ಸೆಕ್7ರಲ್ಲಿ ಗಾಲ್ಜಿಯ ಬಳಿ ವಿಚಿತ್ರವಾದ ಬಟ್ಟಲಿನಾಕಾರದ ಪೊರೆಗಳು ಸೇರಿಕೊಂಡವು. ಅವಕ್ಕೆ ಊರಿನ ಹೆಸರೇ ನಿಂತು 'ಬರ್ಕ್ಲಿ ಕಾಯ'ಗಳಾದವು. ಹಾಗಾದರೆ ಯಾರು ಮೊದಲು, ಯಾರು ಆಮೇಲೆ? 1981ರಲ್ಲಿ ಅದಕ್ಕೆ ಅವರು ಕಂಡುಕೊಂಡ ಉಪಾಯದಷ್ಟು ಸರಳವಾದ ತರ್ಕವನ್ನು ಜೀವವಿಜ್ಞಾನದಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ನಿನ್ನ ದೋಷವನ್ನೂ ಸೆಕ್18ರ ದೋಷವನ್ನೂ ಒಂದೇ ಯೀಸ್ಟ್‌ನಲ್ಲಿ ಸೇರಿಸಿದರು. ಶಾಖ ಏರಿಸಿದಾಗ ಆ ಯೀಸ್ಟ್‌ನಲ್ಲಿ ತುಂಬಿದ್ದು ಒಳಜಾಲ, ಚೀಲಗಳು ಕಿಕ್ಕಿರಿಯಲಿಲ್ಲ. ಅಂದರೆ ಸೆಕ್18ರ ಕೆಲಸ ಮೊದಲು, ನಿನ್ನದು ಆಮೇಲೆ. ಮೊದಲನೆಯ ಘಟ್ಟ ದಾಟದ ಸರಕು ನಿನ್ನ ಘಟ್ಟಕ್ಕೆ ಬರುವುದಾದರೂ ಹೇಗೆ? ಹೀಗೆ ಜೋಡಿ ಜೋಡಿಯಾಗಿ ಕೂಡಿಸಿ ಇಡೀ ದಾರಿಯ ಅನುಕ್ರಮ ಬರೆದರು.

ಆ ದಾರಿಯನ್ನು ಈಗ ನಾವು ಎಷ್ಟೋ ಸ್ಪಷ್ಟವಾಗಿ ಬಲ್ಲೆವು. ಹುಟ್ಟುತ್ತಿರುವ ಪ್ರೋಟೀನ್‌ನ ಮುಂತುದಿಯಲ್ಲಿ ನೀರಿಗೆ ಒಗ್ಗದ ಅಮೈನೋ ಆಮ್ಲಗಳ ಸಣ್ಣ ಸರಣಿ ಇರುತ್ತದೆ. ಅದನ್ನು ಕಂಡ ಕೂಡಲೇ ಒಳಜಾಲದ ಪೊರೆಯಲ್ಲಿರುವ ಸೆಕ್61 ಎಂಬ ರಂಧ್ರ ತೆರೆದು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಸಕ್ಕರೆಯ ಕೊಂಬೆಗಳು ಅಂಟುತ್ತವೆ, ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುತ್ತದೆ. ಮಡಿಕೆ ಸರಿಯಾಗದಿದ್ದರೆ ಅದನ್ನು ಮತ್ತೆ ಕೋಶದ್ರವಕ್ಕೆ ಎಳೆದು ಚೂರು ಮಾಡಲಾಗುತ್ತದೆ. ಸರಿಯಾದದ್ದಕ್ಕೆ ಸಾರ್1 ಎಂಬ ಸಣ್ಣ ಪ್ರೋಟೀನ್ ಪೊರೆಯ ಮೇಲೆ ಕೂತು ಚಾಲನೆ ಕೊಡುತ್ತದೆ. ಸೆಕ್23, ಸೆಕ್24 ಜೋಡಿ ಸರಕನ್ನು ಹಿಡಿಯುತ್ತದೆ, ಸೆಕ್13, ಸೆಕ್31 ಜೋಡಿ ಹೊರಗಿನ ಕವಚ ಕಟ್ಟುತ್ತದೆ, ಪೊರೆ ಬಾಗಿ ಚೀಲವಾಗಿ ಕಳಚಿಕೊಳ್ಳುತ್ತದೆ. 1994ರಲ್ಲಿ ಶೆಕ್ಮನ್ ಗುಂಪು ಈ ಐದು ಪ್ರೋಟೀನ್‌ಗಳನ್ನು ಶುದ್ಧ ಮಾಡಿ, ಯೀಸ್ಟ್‌ನಿಂದ ತೆಗೆದ ಪೊರೆಗಳಿಗೆ ಸೇರಿಸಿ, ಪ್ರನಾಳದಲ್ಲೇ ಚೀಲಗಳನ್ನು ಹುಟ್ಟಿಸಿ ತೋರಿಸಿತು.

ಗಾಲ್ಜಿಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕೋಶಗಳಲ್ಲಿ ಅದು ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟ ಚಪ್ಪಟೆ ಚೀಲಗಳು. ನಿನ್ನ ಕುಲದಲ್ಲಿ ಅವು ಬಿಡಿಬಿಡಿಯಾಗಿ ಚದುರಿರುತ್ತವೆ. ಬಹಳ ಕಾಲ ಇದನ್ನು ಯೀಸ್ಟ್‌ನ ಕೊರತೆ ಎಂದೇ ನೋಡಿದವರುಂಟು. ಆದರೆ ಗಾಲ್ಜಿಯ ಚೀಲಗಳು ಒಂದೆಡೆ ನಿಂತು ಸರಕನ್ನು ಕೈಬದಲಾಯಿಸುತ್ತವೋ, ಇಲ್ಲ ತಾವೇ ಮಾಗುತ್ತ ಮುಂದಿನ ಹಂತದ ಚೀಲವಾಗುತ್ತವೋ ಎಂಬ ಹಳೆಯ ಜಗಳದಲ್ಲಿ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿದ್ದು ಈ ಚದುರುವಿಕೆಯಿಂದಲೇ. ಜಪಾನಿನ ಅಕಿಹಿಕೊ ನಾಕಾನೊ ಅವರ ಗುಂಪು, ಚಿಕಾಗೋದ ಬೆಂಜಮಿನ್ ಗ್ಲಿಕ್ ಅವರ ಗುಂಪು 2006ರಲ್ಲಿ ಬೇರೆ ಬೇರೆಯಾಗಿಯೇ ಅದನ್ನು ನೋಡಿದವು. ಆರಂಭದ ಗಾಲ್ಜಿಗೆ ಒಂದು ಬಣ್ಣ, ಕೊನೆಯ ಗಾಲ್ಜಿಗೆ ಇನ್ನೊಂದು ಬಣ್ಣ ಕೊಟ್ಟು ಜೀವಂತ ಯೀಸ್ಟನ್ನು ಗಮನಿಸಿದರೆ, ಒಂದೇ ಚೀಲ ಕಣ್ಣೆದುರೇ ಮೊದಲ ಬಣ್ಣ ಕಳೆದುಕೊಂಡು ಎರಡನೆಯದನ್ನು ಪಡೆಯಿತು. ಪೇರಿಸಿಟ್ಟ ಗಾಲ್ಜಿಯಲ್ಲಿ ಯಾವ ಚೀಲ ಯಾವುದು ಎಂದು ಬೇರ್ಪಡಿಸಿ ನೋಡುವುದೇ ಕಷ್ಟವಿತ್ತು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಗಾಲ್ಜಿ ಬಿಟ್ಟ ಚೀಲದ ಮೇಲೆ ಸೆಕ್4 ಕೂರುತ್ತದೆ. ಮಯೋಸಿನ್ ಎಂಬ ಪ್ರೋಟೀನ್ ಆ ಚೀಲವನ್ನು ಆಕ್ಟಿನ್ ಎಳೆಗಳ ಮೇಲೆ ಮೊಗ್ಗಿನ ಕಡೆಗೆ ಎಳೆದೊಯ್ಯುತ್ತದೆ. ಅಲ್ಲಿ ಎಂಟು ಪ್ರೋಟೀನ್‌ಗಳ ಒಂದು ಕೂಟ ಅದನ್ನು ಹಿಡಿದು ನಿಲ್ಲಿಸುತ್ತದೆ. ಚೀಲದ ಮೇಲಿನ ಒಂದು ಎಳೆ, ಕೋಶಪೊರೆಯ ಕಡೆಯ ಮೂರು ಎಳೆ, ಹೀಗೆ ನಾಲ್ಕು ಸೇರಿ ತೆಂಗಿನ ನಾರನ್ನು ಹುರಿ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಹುರಿ ಬಿಗಿಯಾದಂತೆ ಎರಡು ಪೊರೆಗಳು ಹತ್ತಿರಕ್ಕೆ ಬಂದು ಬೆಸೆದುಹೋಗುತ್ತವೆ. ಆ ಹುರಿ ಸರಿಯಾಗಿ ಹೊಸೆದುಕೊಳ್ಳುವಂತೆ ಹಿಡಿದು ನಡೆಸುವ ಪ್ರೋಟೀನ್ ಸೆಕ್1. ನಿನ್ನ ಹೆಸರೂ ಅದೇ, ನಿನ್ನಲ್ಲಿ ಕೆಟ್ಟದ್ದೂ ಅದೇ.

ಇಷ್ಟೇ ಆಗಿದ್ದರೆ ಇದು ಯೀಸ್ಟ್‌ನ ಮನೆವಾರ್ತೆಯಾಗಿ ಉಳಿಯುತ್ತಿತ್ತು. ಹಾಗಾಗಲಿಲ್ಲ. ಜೇಮ್ಸ್ ರಾಥ್‌ಮನ್ ಇನ್ನೊಂದು ದಿಕ್ಕಿನಿಂದ ಬರುತ್ತಿದ್ದರು. ಸಸ್ತನಿ ಕೋಶಗಳನ್ನು ಒಡೆದು, ಅದರ ರಸದಲ್ಲಿ ಗಾಲ್ಜಿಯ ಸಾಗಾಟವನ್ನು ನಡೆಸಿ, ಅದಕ್ಕೆ ಬೇಕಾದ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. 1989ರಲ್ಲಿ ತಿಳಿದುಬಂತು: ಅದೂ ನಿಮ್ಮ ಸೆಕ್18 ಕೂಡ ಒಂದೇ ಪ್ರೋಟೀನ್‌ನ ಎರಡು ರೂಪಗಳು. ಹಾಗೆಯೇ ನಿನ್ನ ಪ್ರೋಟೀನ್‌ನ ಸಮೀಪದ ಬಂಧು ನಮ್ಮ ಮಿದುಳಿನಲ್ಲಿ ಸಿಕ್ಕಿತು. ಅದಕ್ಕೆ ಮಂಕ್18 ಎಂದು ಹೆಸರು. ಥಾಮಸ್ ಸ್ಯೂಡಾಫ್ ಅವರ ಗುಂಪು ಅದು ನರತುದಿಯಲ್ಲಿ ಹುರಿ ಹೊಸೆಯುವ ಎಳೆಯೊಂದನ್ನು ಹಿಡಿಯುತ್ತದೆ ಎಂದು 1993ರಲ್ಲಿ ತೋರಿಸಿತು. ಒಂದು ನರಕೋಶ ಇನ್ನೊಂದರೊಂದಿಗೆ ಮಾತಾಡುವುದು ಚೀಲದಲ್ಲಿ ತುಂಬಿದ ರಾಸಾಯನಿಕವನ್ನು ಹೊರಚೆಲ್ಲಿ. ಆ ಚೀಲ ಪೊರೆಗೆ ಬೆಸೆಯುವ ಬಗೆ ನಿನ್ನ ಮೊಗ್ಗಿನ ಬಗೆಯೇ. ನಿನಗೂ ನಮಗೂ ಇದ್ದ ಸಮಾನ ಪೂರ್ವಜ ಬದುಕಿದ್ದು ನೂರು ಕೋಟಿ ವರ್ಷಗಳ ಆಚೆಗೆ. ಅಷ್ಟು ಕಾಲ ಈ ಯಂತ್ರ ಹೆಚ್ಚು ಬದಲಾಗದೆ ಬಂದಿದೆ. 2013ರ ನೊಬೆಲ್ ಶೆಕ್ಮನ್, ರಾಥ್‌ಮನ್, ಸ್ಯೂಡಾಫ್ ಮೂವರಿಗೂ ಸೇರಿ ಬಂತು.

2000ದಲ್ಲಿ ಮಂಕ್18 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಹುಟ್ಟುವ ಹೊತ್ತಿಗೆ ಮಿದುಳು ಕಟ್ಟಿಕೊಂಡಿತ್ತು, ನರಗಳ ನಡುವೆ ಸಂಧಿಗಳೂ ಇದ್ದವು. ಒಂದು ಸಂಧಿಯಲ್ಲೂ ರಾಸಾಯನಿಕ ಹೊರಬೀಳಲಿಲ್ಲ. ಮರಿಗಳು ಹುಟ್ಟಿದ ಕೂಡಲೇ ಸತ್ತವು. ಮನುಷ್ಯರಲ್ಲಿ ಇದೇ ಜೀನ್‌ನ ಹೆಸರು ಎಸ್‌ಟಿಎಕ್ಸ್‌ಬಿಪಿ1. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಹಸುಗೂಸಿಗೆ ತೀವ್ರ ಮೂರ್ಛೆ ಬರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಜಪಾನಿನ ವೈದ್ಯರು 2008ರಲ್ಲಿ ಕಂಡುಹಿಡಿದರು. ಸಾಮಾನ್ಯವಾಗಿ ತಂದೆತಾಯಿಯರಲ್ಲಿ ಇಲ್ಲದ ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟಿರುತ್ತದೆ. ಮಗುವಿಗೆ ಮತ್ತೆ ಮತ್ತೆ ಸೆಟೆತ ಬರುವಾಗ 'ಏನಾಗಿದೆ' ಎಂದು ಕೇಳುವ ತಾಯಿಗೆ ಇವತ್ತು ಒಂದು ಹೆಸರು ಹೇಳಬಹುದು, ಕಾರಣ ಹೇಳಬಹುದು. ಮುಂದಿನ ಮಗುವಿನ ಬಗ್ಗೆ ವೈದ್ಯರು ತಿಳಿದು ಮಾತಾಡಬಹುದು. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬುದು ಗೊತ್ತಿದೆ. ಸೆಕ್1, ಆ ಕಾರಣ ಮೊದಲು ಕಣ್ಣಿಗೆ ಬಿದ್ದದ್ದು ನಿನ್ನ ಒಳಗೆ ತುಂಬಿ ನಿಂತ ಚೀಲಗಳಲ್ಲಿ.

ನಿನ್ನ ಜೊತೆಯವರೂ ಹೀಗೇ ಆಸ್ಪತ್ರೆಗಳವರೆಗೆ ಬಂದಿದ್ದಾರೆ. ಸೆಕ್23ರ ಮನುಷ್ಯ ರೂಪಗಳಲ್ಲಿ ಒಂದು ಕೆಟ್ಟರೆ ತಲೆಬುರುಡೆಯ ಎಲುಬುಗಳು ಸರಿಯಾಗಿ ಕೂಡುವುದಿಲ್ಲ, ಇನ್ನೊಂದು ಕೆಟ್ಟರೆ ಒಂದು ಬಗೆಯ ರಕ್ತಹೀನತೆ. ಸಾರ್1ರ ಒಂದು ರೂಪ ಕೆಟ್ಟ ಮಕ್ಕಳ ಕರುಳು ಉಂಡ ಕೊಬ್ಬನ್ನು ರಕ್ತಕ್ಕೆ ಕಳಿಸಲಾರದು. ರಸದಾನಿಯ ದಾರಿಯಲ್ಲಿ ಖಾಲಿ ವಾಹಕಗಳನ್ನು ಗಾಲ್ಜಿಗೆ ಹಿಂದಿರುಗಿಸುವ ವಿಪಿಎಸ್35 ಎಂಬ ಪ್ರೋಟೀನ್ ಗೊತ್ತಾದದ್ದೂ ಯೀಸ್ಟ್‌ನಲ್ಲಿಯೇ. ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಅದರ ದೋಷವೇ ಕಾರಣ ಎಂದು 2011ರಲ್ಲಿ ತಿಳಿಯಿತು.

ಕೆಡದ ದಾರಿಯಿಂದಲೂ ನಮಗೆ ಲಾಭವಾಗಿದೆ. ಮನುಷ್ಯನ ಇನ್ಸುಲಿನ್ ಜೀನ್‌ಗೆ ಯೀಸ್ಟ್‌ನದೇ ಮುಂತುದಿಯ ಸೂಚನೆ ಜೋಡಿಸಿದರೆ ಯೀಸ್ಟ್ ಅದನ್ನು ಇದೇ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ಡೆನ್ಮಾರ್ಕಿನಲ್ಲಿ 1980ರ ದಶಕದಿಂದ ಹೀಗೆ ಇನ್ಸುಲಿನ್ ತಯಾರಾಗುತ್ತಿದೆ. ಬೆಂಗಳೂರಿನ ಬಯೋಕಾನ್ ನಿನ್ನ ದೂರದ ದಾಯಾದಿ ಪಿಚಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಚಾಮರಾಜನಗರದಲ್ಲೋ ಬೀದರಿನಲ್ಲೋ ಊಟಕ್ಕೆ ಮುಂಚೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಅಜ್ಜನ ಸೀಸೆಯಲ್ಲಿ ಒಳಜಾಲ, ಗಾಲ್ಜಿ, ಚೀಲ, ಪೊರೆ ಎಲ್ಲ ದಾಟಿ ಬಂದ ಪ್ರೋಟೀನ್ ಇರಬಹುದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಯೀಸ್ಟ್‌ನ ಮೈಟೊಕಾಂಡ್ರಿಯಾಕ್ಕೆ ಪ್ರೋಟೀನ್‌ಗಳು ಹೇಗೆ ಹೋಗುತ್ತವೆ ಎಂಬುದರ ಮೇಲೆ ಕೆಲಸ ನಡೆದಿದೆ.

ಇಷ್ಟಾದರೂ ನಿನ್ನ ಹೆಸರು ನಮ್ಮ ಪಿಯುಸಿ ಮಕ್ಕಳಿಗೆ ಗೊತ್ತಿಲ್ಲ. ಅವರ ಪುಸ್ತಕದಲ್ಲಿ ಪೆಲೇಡ್ ಹೆಸರಿದೆ, ಗಾಲ್ಜಿಯ ಹೆಸರಿದೆ. ಪರೀಕ್ಷೆಯಲ್ಲಿ 'ಅಂದವಾದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ' ಎಂದು ಕೇಳುತ್ತಾರೆ. ಮಕ್ಕಳು ಪೆನ್ಸಿಲ್ ಚೂಪು ಮಾಡಿಕೊಂಡು ಅಂದವಾಗಿಯೇ ಬರೆಯುತ್ತಾರೆ. ಆ ಚಿತ್ರದಲ್ಲಿ ಏನೂ ಚಲಿಸುವುದಿಲ್ಲ, ಏನೂ ಕೆಡುವುದಿಲ್ಲ. ಕೋಶ ಎಂದರೆ ಹೆಸರುಗಳ ಪಟ್ಟಿ ಎಂದು ನಂಬಿಕೊಂಡೇ ಅವರು ಮುಂದಿನ ತರಗತಿಗೆ ಹೋಗುತ್ತಾರೆ. ನನಗೆ ಇದು ನಿಜವಾಗಿ ನೋವಿನ ಸಂಗತಿ. ನಿನ್ನ ಕಥೆ ಹೇಳಿದ ದಿನ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ಯಾವಾಗಲೂ ಹಿಂದಿನ ಬೆಂಚಿನವರೇ. 'ಮತ್ತೆ 25 ಡಿಗ್ರಿಗೆ ತಂದರೆ ಆ ಚೀಲಗಳು ಏನಾಗುತ್ತವೆ ಸರ್?' ಎಂದು ಕೇಳುತ್ತಾರೆ. ಹೊಸ ಪ್ರೋಟೀನ್ ತಯಾರಾಗದಂತೆ ತಡೆದು ಬರ್ಕ್ಲಿಯವರು ನೋಡಿದ್ದೂ ಅದನ್ನೇ. ತಂಪು ಸಿಕ್ಕಿದಾಗ ಕೂಡಿಟ್ಟದ್ದು ಹೊರಗೆ ಬಂತು. ಅದು ದಾರಿ ತಪ್ಪಿದ ಕಸವಾಗಿರಲಿಲ್ಲ, ದಾರಿಯಲ್ಲೇ ನಿಂತ ಸರಕಾಗಿತ್ತು.

ಆದ್ದರಿಂದಲೇ ಈ ಪತ್ರವನ್ನು ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ನನ್ನ ಜೊತೆ ಪಾಠ ಹೇಳುವವರಲ್ಲಿ, ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ, ಪುಸ್ತಕ ಬರೆಯುವವರಲ್ಲಿ ನನ್ನದೊಂದು ಕೋರಿಕೆ ಇದೆ. ಗಾಲ್ಜಿಯ ಚಿತ್ರ ಇರಲಿ. ಅದರ ಪಕ್ಕದಲ್ಲಿ ಸೆಕ್1ರ ಚಿತ್ರವನ್ನೂ ಹಾಕಿ. ಡಿಗ್ರಿ ಕಾಲೇಜುಗಳ ಪ್ರಯೋಗಾಲಯದಲ್ಲಿ ಎರಡು ಇನ್‌ಕ್ಯುಬೇಟರ್ ಇದ್ದರೆ, ಒಂದು 25ಕ್ಕೆ, ಒಂದು 37ಕ್ಕೆ ಇಟ್ಟು, ಇನ್ವರ್ಟೇಸ್ ಅಳೆಯುವ ಪ್ರಯೋಗವನ್ನು ಮಕ್ಕಳ ಕೈಯಿಂದಲೇ ಮಾಡಿಸಬಹುದು. ಈ ಯೀಸ್ಟ್ ಸಾಮಾನ್ಯವಾಗಿ ಯಾವ ರೋಗವನ್ನೂ ಹರಡದು, ದುಬಾರಿಯೂ ಅಲ್ಲ. ಪ್ರಶ್ನೆಪತ್ರಿಕೆಯಲ್ಲಿ ವರ್ಷಕ್ಕೆ ಒಂದಾದರೂ ಹೀಗೆ ಯೋಚಿಸಬೇಕಾದ ಪ್ರಶ್ನೆ ಬರಲಿ. ನನ್ನದೊಂದನ್ನು ಇಲ್ಲಿಯೇ ಕೊಡುತ್ತೇನೆ. 1986ರಲ್ಲಿ ಸ್ಕಾಟ್ ಎಮರ್ ಅವರ ಗುಂಪು ನಿಜವಾಗಿ ಮಾಡಿದ ಪ್ರಯೋಗ ಇದು, ಐದು ಅಂಕಕ್ಕೆ ಸಾಕು:

ಒಂದು ಯೀಸ್ಟ್‌ನಿಂದ ಅದರ ಸ್ವಂತ ಇನ್ವರ್ಟೇಸ್ ಜೀನ್ ತೆಗೆದುಹಾಕಲಾಗಿದೆ. ಬದಲಿಗೆ, ರಸದಾನಿಗೆ ಹೋಗುವ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಕಿಣ್ವದ ಮುಂಭಾಗಕ್ಕೆ ಇನ್ವರ್ಟೇಸನ್ನು ಅಂಟಿಸಿ ಕೊಡಲಾಗಿದೆ. ಈ ಯೀಸ್ಟ್ ಸಕ್ಕರೆಯನ್ನು ತಿಂದು ಬೆಳೆಯಲಾರದು. ಏಕೆ? ಸಕ್ಕರೆ ಮಾತ್ರ ಇರುವ ತಟ್ಟೆಯ ಮೇಲೆ ಇಂಥ ಲಕ್ಷಾಂತರ ಯೀಸ್ಟ್‌ಗಳನ್ನು ಹರಡಿದಾಗ ಅಲ್ಲೊಂದು ಇಲ್ಲೊಂದು ಬೆಳೆದು ಬಂದರೆ, ಅವುಗಳಲ್ಲಿ ಕೆಟ್ಟಿರುವುದು ಯಾವ ಕೆಲಸ ಮಾಡುವ ಜೀನ್?

ಇಂತಿ,
ನಿನ್ನ ಋಣಿಯಾದ
ಒಬ್ಬ ಜೀವಶಾಸ್ತ್ರ ಅಧ್ಯಾಪಕ